ಹುಳು ಮನೆ ಸೇರಿದ ಕಡಲ ಹುಲ್ಲು

ಸಮುದ್ರ ನೋಡಬೇಕಾದರೆ ಮೊದಲು ಸ್ನಾನ ಮಾಡಬೇಕು ಎಂದು ನಿಮಗೆ ಯಾರಾದರೂ ಹೇಳಿದ್ದಾರಾ? ನನಗೆ ಹೇಳಿದರು. ಅದೂ ಕೈಲಾಂಚದ ಹತ್ತಿರದ ನನ್ನ ಅಕ್ಕನ ಊರಲ್ಲಿ.

ನಮ್ಮ ರಾಮನಗರ ಜಿಲ್ಲೆಗೆ ಹೊಸ ಹೆಸರು ಬಂದಿದೆಯೇ ಹೊರತು ಸಮುದ್ರ ಬಂದಿಲ್ಲ, ಗೊತ್ತು. ಸಮುದ್ರ ತಂದವಳು ಅಕ್ಕನ ಮಗಳು ಸಹನಾ. ಕಾರವಾರದ ಕಡೆ ಕಡಲ ಜೀವಶಾಸ್ತ್ರ ಓದುತ್ತಿದ್ದಾಳೆ. ಆ ಕಡೆಯಿಂದ ಬರುವವರು ಗೋಡಂಬಿ ತರುತ್ತಾರೆ, ಒಣಮೀನು ತರುತ್ತಾರೆ. ಇವಳು ಬೇಸಿಗೆ ರಜೆಗೆ ಬರುವಾಗ ಕ್ಯಾನಿನಲ್ಲಿ ಉಪ್ಪುನೀರು, ಒಂದು ಗಾಜಿನ ತೊಟ್ಟಿ, ಮರಳಲ್ಲಿ ನೆಟ್ಟ ಒಂದಿಷ್ಟು ಹುಲ್ಲು ತಂದಳು. ಕಡಲ ಹುಲ್ಲು! ಕಾಲೇಜಿನ ಲ್ಯಾಬಿನಲ್ಲಿ ಬೆಳೆಸಿದ್ದು. ನೀರು ಬಿಸಿಯಾದರೆ ಈ ಹುಲ್ಲು ಹೇಗೆ ಬದುಕುತ್ತದೆ ಎಂದು ನೋಡುವುದೇ ಅವಳ ಪ್ರಾಜೆಕ್ಟು. ರಜೆ ಮುಗಿದಾಗ ಅದನ್ನು ಜೀವಂತವಾಗಿ ವಾಪಸ್ ಒಯ್ಯಬೇಕು. ಇಲ್ಲದಿದ್ದರೆ ಎಲ್ಲ ಮೊದಲಿನಿಂದ ಶುರು.

ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು.

"ಒಸಿ ಬಂದೋಗು ಕಣ್ಲಾ. ಅಪ್ಪ ಮಗ್ಳು ಮಾತು ಬುಟ್ಟವ್ರೆ."

ರಾಮನಗರದಿಂದ ಸ್ಕೂಟರ್ ಹತ್ತಿದೆ. (ಸಂಧಾನಕ್ಕೆ ಕರೆದರೆ ನಾನು ತಡ ಮಾಡುವವನಲ್ಲ. ಅಕ್ಕನ ಮನೆಯಲ್ಲಿ ಭಾನುವಾರ ನಾಟಿಕೋಳಿ ಸಾರು ಇರುತ್ತದೆ ಎಂಬುದು ಬೇರೆ ವಿಷಯ.)

ಆಗಿದ್ದು ಇಷ್ಟು. ಗೆಳತಿಯ ಮದುವೆಗೆಂದು ಸಹನಾ ಎರಡು ದಿನ ಚನ್ನಪಟ್ಟಣಕ್ಕೆ ಹೋಗಿದ್ದಳು. ಗಾಜಿನ ತೊಟ್ಟಿ ಇದ್ದದ್ದು ಮನೆ ಮುಂದಿನ ತಗಡಿನ ಶೀಟಿನ ಕೆಳಗೆ. ಕರೆಂಟು ಹೋಗಿ, ನೀರು ತಂಪಾಗಿರಲೆಂದು ಇಟ್ಟಿದ್ದ ಫ್ಯಾನ್ ನಿಂತಿತು. ಶೀಟು ಕಾದು ತೊಟ್ಟಿಯ ನೀರೂ ಬಿಸಿಯಾಯಿತು. ಮಾರನೇ ದಿನ ನೋಡಿದರೆ ಹುಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು.

ಭಾವನ ಕರುಳು ಚುರುಕ್ ಎಂದಿತು. ಮಗಳು ನಂಬಿ ಬಿಟ್ಟುಹೋದ ಗಿಡವಲ್ಲವೇ? ತೊಟ್ಟಿಯನ್ನು ಎತ್ತಿಕೊಂಡು ಹೋಗಿ ಮನೆಯ ಎಲ್ಲಕ್ಕಿಂತ ತಂಪಾದ ಜಾಗದಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇಟ್ಟರು. ಅಲ್ಲಿ ಬೇಸಿಗೆಯುದ್ದಕ್ಕೂ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿರುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಭಾವ ಹೀರೋ ಆಗುತ್ತಿದ್ದರು.

ನಿಲ್ಲಿಸಲಿಲ್ಲ. ಬೆಳೆ ಮುಗಿದಾಗಲೆಲ್ಲ ಹಿಪ್ಪುನೇರಳೆ ಗಿಡವನ್ನು ಬುಡದವರೆಗೆ ಕತ್ತರಿಸಿ ಅಭ್ಯಾಸವಾದ ಕೈ ಅದು. ಕತ್ತರಿಸಿದರೆ ಹೊಸ ಚಿಗುರು ಬರಲೇಬೇಕು, ಅವರ ಲೆಕ್ಕದಲ್ಲಿ ಅದರಲ್ಲಿ ಅನುಮಾನವೇ ಇಲ್ಲ. ಕತ್ತರಿ ತಂದರು, ನೀರಿಗೆ ಕೈಹಾಕಿದರು, ಕಡಲ ಹುಲ್ಲನ್ನು ಮರಳಿನ ಮಟ್ಟಕ್ಕೆ ನೀಟಾಗಿ ಕಟಿಂಗ್ ಮಾಡಿದರು.

"ಮಾವ, ನನ್ ಪ್ರಾಜೆಕ್ಟ್‌ಗೆ ಅಪ್ಪ ಸಮ್ಮರ್ ಕಟ್ ಮಾಡ್ಬುಟ್ಟವ್ರೆ," ಎಂದಳು ಸಹನಾ. ನನಗೆ ನಗು ಬಂತು. ಅವಳ ಕಣ್ಣಲ್ಲಿ ನೀರಿತ್ತು, ನಗು ನುಂಗಿಕೊಂಡೆ.

ನೋಡೋಣ ಎಂದು ಹುಳು ಮನೆಗೆ ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ನಾನು ಸೆಂಟ್ ಹೊಡೆದುಕೊಂಡಿದ್ದೆ. ಹುಳುಗಳಿಗೆ ಸೆಂಟು, ಊದುಬತ್ತಿ, ಸೊಳ್ಳೆಬತ್ತಿ ಯಾವುದರ ವಾಸನೆಯೂ ಆಗುವುದಿಲ್ಲ. ತಮ್ಮನೆಂಬ ದಾಕ್ಷಿಣ್ಯವೂ ಇಲ್ಲದೆ ನನ್ನನ್ನು ಬಚ್ಚಲಿಗೆ ಅಟ್ಟಿದಳು. ಸ್ನಾನ ಮಾಡಿ, ಭಾವನ ಪಂಚೆ ಸುತ್ತಿಕೊಂಡು, ಕಾಲು ತೊಳೆದು ಒಳಗೆ ಹೋದೆ.

ಒಳಗೆ ತಂಪೋ ತಂಪು. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಮೂಲೆಯಲ್ಲಿ ತೊಟ್ಟಿ, ಅದರ ಪಕ್ಕದಲ್ಲಿ ಭಾವ. ತೊಟ್ಟಿಯಲ್ಲಿ ಬರೀ ಮರಳು.

ಸಹನಾ ಮಾತಾಡಿದ್ದು ನನ್ನ ಜೊತೆ, ಆದರೆ ಕೇಳಿಸಬೇಕಾಗಿದ್ದುದು ಅಪ್ಪನಿಗೆ. ಕಡಲಕಳೆಯೇ ಬೇರೆ, ಕಡಲ ಹುಲ್ಲೇ ಬೇರೆಯಂತೆ. ಕಳೆಗೆ ಬೇರಿಲ್ಲ, ಹೆಚ್ಚಾಗಿ ಬಂಡೆ ಹಿಡಿದು ಬದುಕುತ್ತದೆ. ಇದ್ದಲ್ಲಿ ಬಿಸಿ ತಡೆಯಲಾಗದಿದ್ದರೆ ಅದರ ಬೀಜಕಣಗಳು ತಂಪು ನೀರು ಸಿಕ್ಕ ಕಡೆ ಹೋಗಿ ಹೊಸ ಸಂಸಾರ ಹೂಡಬೇಕು. ಹುಲ್ಲು ಹಾಗಲ್ಲ. ನಮ್ಮ ಗರಿಕೆಯಂತೆ ಅದರ ಕಾಂಡ ಮರಳಿನೊಳಗೆ ಹರಿದಾಡುತ್ತದೆ, ಬೇರು ಬಿಡುತ್ತದೆ. ನೀರಿನಡಿಯಲ್ಲೇ ಹೂವನ್ನೂ ಬಿಡುತ್ತದೆ! ಬಿಸಿ ಜಾಸ್ತಿಯಾದರೆ ಎಲೆ ಕಳಚಿ, ಕಾಂಡದಲ್ಲಿ ಕೂಡಿಟ್ಟ ಆಹಾರ ತಿಂದುಕೊಂಡು ಒಳ್ಳೆಯ ಕಾಲಕ್ಕೆ ಕಾಯುತ್ತದೆ. ಒಮ್ಮೆ ಬಿಸಿ ತಿಂದ ಹುಲ್ಲು ಮುಂದಿನ ಸಲ ಒಂದಿಷ್ಟು ಗಟ್ಟಿಯಾಗುವುದೂ ಉಂಟಂತೆ. (ನನಗೆ ಆ ಹುಲ್ಲಿನ ಮೇಲೆ ಅಲ್ಲೇ ಅಭಿಮಾನ ಹುಟ್ಟಿತು.)

"ಹಂಗಾರೆ ಚಿಗುರ್ತದೆ ಅನ್ನು," ಎಂದರು ಭಾವ ಮೆಲ್ಲಗೆ.

ಅವಳು ಅತ್ತ ತಿರುಗಲಿಲ್ಲ. ಎಲೆ ಹುಟ್ಟುವ ಬುಡಕ್ಕೂ ಕತ್ತರಿ ತಾಗಿದ್ದರೆ ಕಥೆ ಮುಗಿದಂತೆ ಎಂದು ನನಗೆ ಹೇಳಿದಳು. ಭಾವನ ಮುಖ ಇಳಿದುಹೋಯಿತು. ನನ್ನ ಸಂಧಾನ ಫೇಲಾಯಿತು. ಕೋಳಿ ಸಾರು ಮಾತ್ರ ಎಂದಿನಂತೆ ಚೆನ್ನಾಗಿತ್ತು.

ಆ ವಾರವೆಲ್ಲ ಅಕ್ಕನಿಂದ ಫೋನಿನಲ್ಲಿ ವರದಿ. ಭಾವ ಎದ್ದ ಕೂಡಲೇ ಕಾಫಿ ಕೂಡ ಕುಡಿಯದೆ ಗೋಣಿಚೀಲ ನೆನೆಸುತ್ತಾರಂತೆ. ಹುಳುವಿಗೆ ಸೊಪ್ಪು ಹಾಕಿದಾಗಲೆಲ್ಲ ತೊಟ್ಟಿಯನ್ನು ಇಣುಕಿ ನೋಡುತ್ತಾರಂತೆ. ಮಗಳೂ ಇಣುಕುತ್ತಾಳಂತೆ, ಅಪ್ಪ ಇಲ್ಲದ ಹೊತ್ತು ನೋಡಿಕೊಂಡು!

ಶನಿವಾರ ಸಹನಾಳ ವಿಡಿಯೊ ಕಾಲ್. ಮರಳಿನಿಂದ ಉಗುರಿನಷ್ಟು ಹಸಿರು ಎದ್ದಿತ್ತು. ಪಕ್ಕದಲ್ಲಿ ಇನ್ನೊಂದು. ಹಿಂದೆ, ಸ್ಕ್ರೀನಿನ ತುಂಬ, ಭಾವನ ನಗುಮುಖ.

ನನಗಾದ ಖುಷಿ ಹೇಳತೀರದು. ಈ ಸಲ ಮನೆಯಲ್ಲೇ ಸ್ನಾನ ಮಾಡಿ, ಸೆಂಟಿನ ಬಾಟಲಿ ಮುಟ್ಟದೆ ಹೊರಟೆ. ಹೋಗಿ ನೋಡಿದರೆ ಅಪ್ಪ ಮಗಳು ತೊಟ್ಟಿಯ ಮುಂದೆ ಪಕ್ಕಪಕ್ಕ ಕೂತಿದ್ದರು. ವಾರದ ಮಾತನ್ನೆಲ್ಲ ಒಟ್ಟಿಗೇ ಆಡುತ್ತಿದ್ದರು. ಕಟಿಂಗ್ ಮಾಡಿದ್ದಕ್ಕೇ ಚಿಗುರಿತು ಎಂದು ಭಾವ ಬೀಗಿದರು. ಕಟಿಂಗಿಗಲ್ಲ, ತಂಪಿಗೆ ಎಂದು ಮಗಳು ನಕ್ಕಳು.

ಹಾಗಾದರೆ ಕಡಲಿನಲ್ಲೇ ಇರುವ ಹುಲ್ಲಿಗೂ ಭಯವಿಲ್ಲವಲ್ಲ ಎಂದೆ. ಒಂದು ಸಲದ ಬಿಸಿಗೆ ಅಷ್ಟು ಭಯವಿಲ್ಲ ಎಂದಳು ಸಹನಾ. ಕಾಂಡದಲ್ಲಿ ಮತ್ತೆ ಆಹಾರ ಕೂಡುವ ಮೊದಲೇ ನೀರು ಮೇಲಿಂದ ಮೇಲೆ ಬಿಸಿಯಾದರೆ ಚಿಗುರಲು ಶಕ್ತಿಯೇ ಉಳಿಯುವುದಿಲ್ಲ.

ಭಾವನಿಗೆ ಅರ್ಥವಾಯಿತು. ಹಿಪ್ಪುನೇರಳೆಗೂ ಕಟಾವಿನ ನಡುವೆ ಬಿಡುವು ಬೇಕಲ್ಲವೇ? ಅವರು ಎದ್ದು, ಒಣಗುತ್ತಿದ್ದ ಗೋಣಿಚೀಲಕ್ಕೆ ಒಂದು ಚೊಂಬು ನೀರು ಹಾಕಿ, ಮಗಳ ಕಡೆ ತಿರುಗಿದರು.

"ಇಲ್ಲಿ ನಾನ್ ನೆನೆಸ್ತೀನಿ ಕಣವ್ವ. ಅಷ್ಟ್ ದೊಡ್ಡ ಸಮುದ್ರಕ್ಕೆ ಗೋಣಿಚೀಲ ನೆನೆಸೋರು ಯಾರು?"