ಪಟ್ಟಿಯಲ್ಲಿಲ್ಲದ ಇಪ್ಪತ್ತನಾಲ್ಕು ಡಬ್ಬಗಳು

2022ರ ಆರಂಭದಲ್ಲಿ ನಾನು ಲಾಂಗ್ ಬೀಚ್ ಬಂದರಿನ ಸುತ್ತಮುತ್ತಲಿನ ಆಹಾರ ಆಮದು ಕಂಪನಿಗಳಿಗೆ ಫುಡ್ ಸೇಫ್ಟಿ ಆಡಿಟರ್ ಆಗಿದ್ದೆ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಇಲ್ಲಿಗೆ ಬಂದು ಮೂವತ್ತು ವರ್ಷ ಬ್ಯಾಕ್ಟೀರಿಯಾಗಳ ಜೊತೆಗೇ ಸಂಸಾರ ಮಾಡಿದವಳು. ಗೋದಾಮಿನ ನೆಲದಿಂದ ಕೆಲಸಗಾರರ ಉಗುರಿನವರೆಗೆ ಎಲ್ಲವನ್ನೂ ನೋಡಿ ಚೆಕ್‌ಲಿಸ್ಟ್‌ನಲ್ಲಿ ಟಿಕ್ ಹಾಕುವುದು ನನ್ನ ಕೆಲಸ. ಸುಲಭಕ್ಕೆ ಟಿಕ್ ಹಾಕುವವಳಲ್ಲ ಎಂದು ಹೆಸರಾಗಿದ್ದೆ. ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಾನು ನೋಡಿಕೊಳ್ಳುತ್ತಿದ್ದ ಕಂಪನಿಗಳಲ್ಲಿ ಹನಾನ್ ಮೇಡಂ ಅವರದೂ ಒಂದು. ಜೋರ್ಡಾನ್‌ನವರು, ಅರವತ್ತರ ಹತ್ತಿರದ ವಯಸ್ಸು. ಗಂಡಸರೇ ತುಂಬಿದ್ದ ತಮ್ಮೂರಿನ ಸಗಟು ಪೇಟೆಯಲ್ಲಿ ಮಳಿಗೆ ತೆರೆದ ಮೊದಲ ಹೆಂಗಸು ಅವರು. ಮೊದಲ ವರ್ಷ ಒಬ್ಬ ಹಮಾಲಿಯೂ ಅವರ ಮೂಟೆ ಮುಟ್ಟದಿದ್ದಾಗ ಎಳ್ಳಿನ ಚೀಲಗಳನ್ನು ತಾವೇ ಗಾಡಿಯಲ್ಲಿ ತಳ್ಳಿದ್ದರಂತೆ. ಆಮೇಲೆ ಅಲ್ಲೇ ತಾಹಿನಿಯ ಕಾರ್ಖಾನೆ ಕಟ್ಟಿ, ಇಲ್ಲಿಗೆ ಬಂದು ಅದನ್ನು ಆಮದು ಮಾಡತೊಡಗಿದರು. ತಾಹಿನಿ ಎಂದರೆ ಹುರಿದ ಎಳ್ಳನ್ನು ಬೆಣ್ಣೆಯಷ್ಟು ನುಣ್ಣಗೆ ಅರೆದದ್ದು. ನಾನು ಅವರನ್ನು ಕಾಣುವ ಹೊತ್ತಿಗೆ ವೆಸ್ಟ್ ಕೊವಿನಾದಿಂದ ಸ್ಯಾನ್ ಡಿಯಾಗೋವರೆಗೆ ಅರಬ್ ಅಂಗಡಿಗಳಿಗೆಲ್ಲ ಅವರದೇ ಡಬ್ಬ ಹೋಗುತ್ತಿತ್ತು.

ತಾಹಿನಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸೇರಿಕೊಂಡರೆ ಎಣ್ಣೆಯ ಮರೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಸುಳಿವು ಸಿಗುವುದಿಲ್ಲ. ಅದಕ್ಕೇ ಹನಾನ್ ಮೇಡಂ ತಾವೇ ಒಂದು ನಿಯಮ ಮಾಡಿಕೊಂಡಿದ್ದರು: ಲ್ಯಾಬ್ ವರದಿ ಬರುವವರೆಗೆ ಒಂದು ಡಬ್ಬವೂ ಮಾರಾಟಕ್ಕೆ ಹೊರಡಬಾರದು. ಆ ನಿಯಮವನ್ನು ಅವರು ಒಮ್ಮೆಯೂ ಮುರಿದದ್ದಿಲ್ಲ.

ಆದರೆ ಮಾರಾಟಕ್ಕಲ್ಲದ ಒಂದು ಪೆಟ್ಟಿಗೆ ಇತ್ತು. ಕಂಟೇನರ್ ತೆರೆದ ದಿನವೇ, ಅದು ದೇವರ ಪಾಲು ಎಂದು, ಮೊದಲ ಪೆಟ್ಟಿಗೆಯ ಇಪ್ಪತ್ತನಾಲ್ಕು ಡಬ್ಬಗಳನ್ನು ಅವರು ಹಂಚಿಬಿಡುತ್ತಿದ್ದರು. ನೆರೆಯವರು, ವಿಧವೆಯರು, ಹೊಸದಾಗಿ ಬಂದ ನಿರಾಶ್ರಿತರು, ಯಾರೆಂದರೆ ಅವರಿಗೆ. ಯಾರಿಗೆ ಎಂದು ಎಲ್ಲಿಯೂ ಬರೆಯುತ್ತಿರಲಿಲ್ಲ. "ಕೊಟ್ಟದ್ದನ್ನು ಬರೆದಿಟ್ಟರೆ ಅದು ದಾನವಲ್ಲ, ಜಾಹೀರಾತು" ಎನ್ನುತ್ತಿದ್ದರು. ಆದರೆ ಯಾವ ಡಬ್ಬ ಎಲ್ಲಿಗೆ ಹೋಯಿತು ಎಂದು ಪತ್ತೆ ಹಚ್ಚಲು ದಾಖಲೆ ಇರಲೇಬೇಕು. ನಮ್ಮಲ್ಲಿ ಅದಕ್ಕೆ ಟ್ರೇಸಬಿಲಿಟಿ ಎನ್ನುತ್ತಾರೆ. ಆ ಪೆಟ್ಟಿಗೆಯ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಆ ಸಾಲಿಗೆ ಟಿಕ್ ಹಾಕಿದ್ದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಪ್ರತಿ ಬಾರಿ ಒಂದು ಡಬ್ಬ ನನ್ನ ಮನೆಗೂ ಬರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಜನವರಿಯ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವರ ಆಫೀಸಿನಲ್ಲೇ ಕುಳಿತಿದ್ದಾಗ ಲ್ಯಾಬಿನ ಇಮೇಲ್ ಬಂತು. ಹೊಸ ಕಂಟೇನರಿನಲ್ಲಿ ಬಂದ ಲಾಟ್, ಸಾಲ್ಮೊನೆಲ್ಲಾ, ಪ್ರಿಸಂಪ್ಟಿವ್ ಪಾಸಿಟಿವ್. ಅಂದರೆ ಮೊದಲ ಪರೀಕ್ಷೆಯಲ್ಲಿ ರೋಗಾಣು ಇರುವಂತಿದೆ. ಖಚಿತವಾಗಲು ಇನ್ನೂ ಕೆಲವು ದಿನ ಬೇಕು.

ಆ ಲಾಟಿನ ನನ್ನ ಡಬ್ಬ ನನ್ನ ಮನೆಯಲ್ಲಿರಲಿಲ್ಲ. ಹಿಂದಿನ ಶನಿವಾರವಷ್ಟೇ ಅದನ್ನು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿದ್ದ ವಿದ್ಯಾಳಿಗೆ ಕೊಟ್ಟು ಬಂದಿದ್ದೆ. ಧಾರವಾಡದ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಳು. ಏಳು ತಿಂಗಳ ಬಸುರಿ. ತಾಯಿ ಊರಲ್ಲಿ, ಗಂಡ ಬೇರೆ ರಾಜ್ಯದಲ್ಲಿ ಕೆಲಸದಲ್ಲಿದ್ದ. ಎಳ್ಳು ತಿನ್ನುವ ಬಯಕೆಯಾಗಿದೆ ಎಂದಳೆಂದು, ಬಯಕೆ ಊಟದ ಜೊತೆ ಆ ಡಬ್ಬವನ್ನೂ ಇಟ್ಟಿದ್ದೆ. ಬಸುರಿಗೆ ಈ ರೋಗ ಬಂದರೆ ಕೆಲವೊಮ್ಮೆ ಮಗು ಉಳಿಯುವುದಿಲ್ಲ. ಅದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದವಳು ನಾನು.

ಹೊರಗೆ ಹೋಗಿ ಫೋನ್ ಮಾಡಿದೆ. ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ. ತಿನ್ನಬೇಡ ಎಂದು ಮೆಸೇಜ್ ಹಾಕಿದೆ. ಯಾರಿಗೆ ಫೋನ್ ಎಂದು ಹನಾನ್ ಮೇಡಂಗೆ ಹೇಳಲಿಲ್ಲ. ಹೇಳಿದರೆ ವಿಷಯ ಇಲಾಖೆಯವರೆಗೂ ಹೋಗಿ, ಆಡಿಟರ್ ಉಡುಗೊರೆ ತಿಂದದ್ದು ಬಯಲಾಗುತ್ತದೆ. ಅಂಥ ಹೊತ್ತಿನಲ್ಲೂ ನನ್ನ ಬುದ್ಧಿ ಅಲ್ಲಿಗೇ ಓಡಿತು.

ಒಳಗೆ ಬಂದಾಗ ಅವರು ಬಿಳಿ ಹಾಳೆಯ ಮುಂದೆ ಕುಳಿತಿದ್ದರು. ಅಂಗಡಿಗೆ ಒಂದು ಡಬ್ಬವೂ ಹೋಗಿರಲಿಲ್ಲ. ಕಾಗದದ ಪ್ರಕಾರ ಗೋದಾಮಿನಿಂದ ಏನೂ ಹೊರಗೆ ಹೋಗಿಯೇ ಇರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ನಲವತ್ತು ವರ್ಷ ಕಟ್ಟಿದ ಹೆಸರು ಹೋಗುತ್ತಿತ್ತು. ಅವರು ಕಣ್ಣು ಮುಚ್ಚಿ, ನೆನಪಿನಿಂದ ಒಂದೊಂದೇ ಹೆಸರು ಬರೆಯುತ್ತಿದ್ದರು. ಇಪ್ಪತ್ತಮೂರಕ್ಕೆ ನಿಲ್ಲಿಸಿ ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆಗೆ ಸರಿಸಿದರು.

"ಕೊನೆಯದನ್ನು ನೀವೇ ಬರೆಯಿರಿ."

ನನ್ನ ಹೆಸರು ಬರೆದೆ. ವಿದ್ಯಾಳ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ಕಾರು ತೆಗೆಯಿರಿ" ಎಂದಷ್ಟೇ ಹೇಳಿ ಎದ್ದರು. ಅವರು ಸರ್ಕಾರದ ಆಹಾರ ಇಲಾಖೆಗೆ ಫೋನ್ ಮಾಡಿದ್ದೂ ಕಾರಿನಿಂದಲೇ, ಇಪ್ಪತ್ತಮೂರು ಮನೆಗಳಿಗೆ ಒಂದೊಂದಾಗಿ ಮಾಡಿದ್ದೂ ಕಾರಿನಿಂದಲೇ. ಅರಬ್ಬಿಯಲ್ಲಿ ಏನು ಹೇಳುತ್ತಿದ್ದರೋ ನನಗೆ ತಿಳಿಯುತ್ತಿರಲಿಲ್ಲ. ಎರಡು ಗಂಟೆಯ ದಾರಿಯಲ್ಲಿ, ಕಾರು ಓಡಿಸುತ್ತಿದ್ದ ನಾನು ಸಿಗ್ನಲ್ ಸಿಕ್ಕಲ್ಲೆಲ್ಲ ವಿದ್ಯಾಳಿಗೆ ಮತ್ತೆ ಫೋನ್ ಮಾಡುತ್ತಿದ್ದೆ.

ಬಾಗಿಲು ತೆರೆದವಳು ವಿದ್ಯಾಳೇ.

"ಯಾಕಮ್ಮಾ ಫೋನ್ ಎತ್ತಲಿಲ್ಲ?"

"ಲ್ಯಾಬಿನ್ಯಾಗ ಇದ್ದೆರೀ ಆಂಟಿ, ಫೋನ್ ಮನ್ಯಾಗ ಬಿಟ್ಟಿದ್ದೆ. ಈಗ ಬಂದೆ. ಯಾಕ್ರೀ, ಏನಾತು?"

"ಆ ಡಬ್ಬ ಎಲ್ಲಿ?"

"ಅದಾ? ಭಾಳ ಛಲೋ ಐತ್ರೀ. ಎರಡು ದಿನದಿಂದ ಚಪಾತಿಗೆ ಹಚ್ಚಿಕೊಂಡು ತಿನ್ನಾಕತ್ತೀನಿ."

ಡಬ್ಬ ಅರ್ಧ ಖಾಲಿಯಾಗಿತ್ತು. ಅದನ್ನು ಮುಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಹನಾನ್ ಮೇಡಂ ಅವಳ ಎರಡೂ ಕೈ ಹಿಡಿದುಕೊಂಡು, ನಡೆದದ್ದನ್ನು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ತಪ್ಪು ತಮ್ಮದು ಎಂದೂ ಹೇಳಿದರು. ನನ್ನ ಹೆಸರನ್ನು ಎತ್ತಲಿಲ್ಲ; ಅದನ್ನು ನಾನೇ ಹೇಳಿದೆ.

ಮರುದಿನ ಬೆಳಿಗ್ಗೆ ಅವಳಿಗೆ ಜ್ವರ ಬಂತು. ನಾಲ್ಕು ದಿನ ಆಸ್ಪತ್ರೆ. ಮಗುವಿನ ಎದೆಬಡಿತ ತೋರಿಸುವ ಮಾನಿಟರ್ ಪಕ್ಕದಲ್ಲಿ ನಾವಿಬ್ಬರೂ ಕುಳಿತಿರುತ್ತಿದ್ದೆವು. ಗೆರೆ ಸ್ವಲ್ಪ ಇಳಿದರೂ ನಾನು ನರ್ಸನ್ನು ಕರೆಯುತ್ತಿದ್ದೆ. ಅವರು ಜಪಮಾಲೆ ತಿರುಗಿಸುತ್ತಿದ್ದರು, ನಾನು ನಂಜುಂಡೇಶ್ವರನಿಗೆ ಹರಕೆ ಹೊರುತ್ತಿದ್ದೆ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಐದನೆಯ ದಿನ ಲ್ಯಾಬ್ ವರದಿ ಖಚಿತವಾಯಿತು: ಪಾಸಿಟಿವ್. ಉಳಿದ ಮನೆಗಳಲ್ಲಿ ಇಬ್ಬರಿಗೆ ಹೊಟ್ಟೆ ಕೆಟ್ಟಿತ್ತಷ್ಟೇ.

"ಇನ್ನು ಮೊದಲ ಪೆಟ್ಟಿಗೆ ಹಂಚುವುದಿಲ್ಲವೇ?" ಎಂದು ಅವರನ್ನು ಕೇಳಿದೆ.

"ಹಂಚುತ್ತೇನೆ. ಆದರೆ ಲ್ಯಾಬ್ ವರದಿ ಬರುವವರೆಗೆ ದೇವರೂ ಕಾಯಲಿ" ಎಂದರು.

ಕೆಲವು ಅಂಗಡಿಗಳು ಅವರನ್ನು ಬಿಟ್ಟವು, ಹೆಚ್ಚಿನವು ಬಿಡಲಿಲ್ಲ. ನಾನು ನನ್ನ ವರದಿಯಲ್ಲಿ ನನ್ನ ತಪ್ಪನ್ನೂ ಬರೆದೆ. ಒಂದು ವರ್ಷ ಆಡಿಟ್ ಮಾಡುವ ಹಾಗಿಲ್ಲ ಎಂದು ನನ್ನ ಮೇಲಿನವರು ಹೇಳಿದರು, ನ್ಯಾಯವಾಗಿಯೇ ಹೇಳಿದರು. ಆಡಿಟರ್‌ಗೆ ಹೆದರಿಕೆ ಸಹಿ ಹಾಕುವ ಮೊದಲೇ ಬರಬೇಕು. ಆಮೇಲೆ ಬಂದರೆ ಅದನ್ನು ಅನುಭವಿಸುವವರು ಬೇರೆಯವರು. ಈ ಮಾತನ್ನು ತರಬೇತಿಗೆ ಬರುವ ಹೊಸಬರಿಗೆಲ್ಲ ಹೇಳಿದ್ದೇನೆ.

ವಿದ್ಯಾಳ ಮಗ ಈಗ ಓಡಾಡುತ್ತಾನೆ. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಓಡಿ ಬಂದು ನನ್ನ ಮಡಿಲೇರಿದಾಗಲೆಲ್ಲ ಮುದ್ದಿಸುವ ಮೊದಲು ನನ್ನ ಕೈ ಅವನ ಹಣೆ ಮುಟ್ಟಿ ಜ್ವರ ನೋಡುತ್ತದೆ.