ಮೆಷಿನ್ ರೂಮಿನ ಸೇತುಮಾಧವರು

ಸೇತುಮಾಧವರನ್ನು ನಾನು ಮೊದಲು ನೋಡಿದ್ದು ೧೯೯೩ರ ಜುಲೈ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ. ಸೇಲಂ ಊರಾಚೆಯ ಕಾಲೇಜಿಗೆ ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ನಾನು ಸೇರಿ ಆಗ ಒಂಬತ್ತು ದಿನ. ಮೆಟ್ಟಿಲ ಪಕ್ಕದ ಕೋಣೆಯ ಕಿಟಕಿಗಳಿಗೆ ಕಪ್ಪು ಪರದೆ ಹಾಕಿತ್ತು. ಒಳಗೆ ನಲವತ್ತು ದಾಟಿದ ಒಬ್ಬರು ನೆಲದ ಮೇಲೆ ಕೂತು, ಹಳೆಯ ಪಂಚೆಯ ಚೂರಿನಿಂದ ಓವರ್‌ಹೆಡ್ ಪ್ರೊಜೆಕ್ಟರಿನ ಗಾಜು ಒರೆಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದರು. ಬಿಚ್ಚಿದ ಸ್ಕ್ರೂಗಳು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಸಾಲಾಗಿದ್ದವು. ನನ್ನನ್ನು ಕಂಡವರೇ ಎದ್ದು ನಿಂತು, "ವಾಂಗ ಸಾರ್" ಎಂದು ತಮಿಳಿನಲ್ಲಿ ಕರೆದರು. ಅಷ್ಟರಲ್ಲಿ ಕರೆಂಟ್ ಹೋಯಿತು.

"ಅಯ್ಯೋ, ಓಯ್ತಲ್ಲಪ್ಪ!" ನನ್ನ ಬಾಯಿಂದ ಬಂದೇಬಿಟ್ಟಿತು.

ಕತ್ತಲಲ್ಲಿ ನಗು ಕೇಳಿಸಿತು. "ಕನ್ನಡದೋರಾ? ಯಾವ ಕಡೆ?"

"ನಲ್ಲಂಪಳ್ಳಿ ಅತ್ರ ಸಾರ್. ಬೇಸಾಯದೋರು. ಮುನಿರಾಜ್ ಅಂತ."

"ನನ್ನ ಸಾರ್ ಅನ್ನಬೇಡಿ. ನೀವು ಲೆಕ್ಚರರು, ನಾನು ಟೆಕ್ನಿಷಿಯನ್ನು. ಯಾರಾದ್ರೂ ಕೇಳಿಸ್ಕೊಂಡ್ರೆ ನಿಮ್ಮ ಮರ್ಯಾದೆ ಹೋಗತ್ತೆ."

ಅವರ ತಂದೆ ಸೇಲಂ ಜಂಕ್ಷನ್ನಿನಲ್ಲಿ ಗುಮಾಸ್ತರಾಗಿದ್ದವರು. ಇವರು ಡಿಪ್ಲೊಮಾ ಓದಿ ಹದಿನೆಂಟು ವರ್ಷ ರೇಡಿಯೊ ಅಂಗಡಿಯಲ್ಲಿ ದುಡಿದಿದ್ದರು. ಪಾಠಕ್ಕೆ ಯಂತ್ರಗಳನ್ನು ತರುವ ಐದು ವರ್ಷದ ಯೋಜನೆಯೊಂದು ೧೯೯೧ರಲ್ಲಿ ಬಂದಾಗ ಕಾಲೇಜಿಗೆ ಬಂದರು. ಎರಡು ಪ್ರೊಜೆಕ್ಟರ್, ಒಂದು ಟಿವಿ, ಒಂದು ವಿಸಿಆರ್, ಆಮೇಲೆ ಒಂದು ಕಂಪ್ಯೂಟರ್. ಅವುಗಳ ಜೊತೆ ಒಬ್ಬ ಮನುಷ್ಯ.

"ಐದನೇ ವರ್ಷ ಕಮಿಟಿ ಬರತ್ತೆ," ಎಂದು ಅವರು ಮೊದಲ ವಾರವೇ ನನಗೆ ಹೇಳಿದ್ದರು. "ಮೇಷ್ಟ್ರುಗಳು ಮೆಷಿನ್ ಮುಟ್ಟಿದ್ರೆ ನನ್ನ ಕೆಲಸ ಪರ್ಮನೆಂಟ್. ಇಲ್ಲಾಂದ್ರೆ ಮನೆಗೆ. ನಲವತ್ನಾಲ್ಕಕ್ಕೆ ಇನ್ಯಾವ ಆಫೀಸ್ನೋರು ತಗೋತಾರೆ, ಹೇಳಿ?"

ಮೇಷ್ಟ್ರುಗಳು ಮುಟ್ಟುತ್ತಿರಲಿಲ್ಲ. ಯಂತ್ರ ಕೆಟ್ಟರೆ ರಿಜಿಸ್ಟರಿನಲ್ಲಿ ಸಹಿ ಹಾಕಿದವರೇ ಲಿಖಿತ ವಿವರಣೆ ಕೊಡಬೇಕೆಂಬ ನಿಯಮವಿತ್ತು. ಅದಕ್ಕಿಂತ ದೊಡ್ಡ ಭಯ ಹುಡುಗರ ನಗು. ಸೇತುಮಾಧವರು ಸ್ಟಾಫ್ ರೂಮಿಗೆ ಹೋಗಿ ಒಬ್ಬೊಬ್ಬರ ಮೇಜಿನ ಮುಂದೆ ನಿಂತು ಕೇಳುತ್ತಿದ್ದರು. ಚಿತ್ರ ಕೊಟ್ಟರೆ ಪ್ಲಾಸ್ಟಿಕ್ ಹಾಳೆಯ ಮೇಲೆ ತಾವೇ ಬರೆದುಕೊಡುವುದಾಗಿ, ಕ್ಲಾಸಿಗೆ ತಾವೇ ಹೊತ್ತು ತಂದು ಪಕ್ಕದಲ್ಲೇ ನಿಲ್ಲುವುದಾಗಿ ಹೇಳುತ್ತಿದ್ದರು. ಅರ್ಥಶಾಸ್ತ್ರದ ಮುಖ್ಯಸ್ಥರಾದ ಪಳನಿಯಪ್ಪನ್, ಇವರನ್ನು ಕಂಡೊಡನೆ, "ಎನ್ನ ಸೇತು, ಇನ್ನಿಕ್ಕಿ ಎನ್ನ ಪಡಂ?" ಎನ್ನುತ್ತಿದ್ದರು. ಇವತ್ತು ಯಾವ ಸಿನಿಮಾ ಎಂದು. ಎಲ್ಲರೂ ನಗುತ್ತಿದ್ದರು. ಸೇತುಮಾಧವರೂ ನಕ್ಕು, ಮುಂದಿನ ಮೇಜಿಗೆ ಹೋಗುತ್ತಿದ್ದರು.

ನನ್ನ ಮೊದಲ ಪ್ರಯತ್ನದಲ್ಲಿ ಬೇರಿನ ಚಿತ್ರ ತಲೆಕೆಳಗಾಗಿ ಮೂಡಿತು. ತರಗತಿ ಐದು ನಿಮಿಷ ನಕ್ಕಿತು. ಇನ್ನು ಬೇಡ ಎಂದುಕೊಂಡೆ. ಆ ಶನಿವಾರ ಅವರು ನನ್ನನ್ನು ಖಾಲಿ ತರಗತಿಗೆ ಕರೆದೊಯ್ದು, ಕೊನೆಯ ಬೆಂಚಿನಲ್ಲಿ ತಾವು ವಿದ್ಯಾರ್ಥಿಯಾಗಿ ಕೂತರು. "ನಗೋದಿದ್ರೆ ನಾನೊಬ್ಬನೇ ನಗ್ತೀನಿ, ನಡೆಸಿ." ಏಳು ಶನಿವಾರ ಹಾಗೆ ಕೂತರು. ಅಷ್ಟಾದರೂ ನನ್ನ ತರಗತಿಗಳಲ್ಲಿ ಅವರು ಪಕ್ಕದಲ್ಲಿ ನಿಲ್ಲದಿದ್ದರೆ ನಾನು ಸ್ವಿಚ್ ಮುಟ್ಟುತ್ತಿರಲಿಲ್ಲ. ಮೂವತ್ತೊಂದು ಮಂದಿ ಅಧ್ಯಾಪಕರಲ್ಲಿ ನಿಜವಾಗಿ ಯಂತ್ರ ಬಳಸುತ್ತಿದ್ದವರು ನಾನೂ ಸೇರಿ ನಾಲ್ವರು.

೧೯೯೬ರ ಫೆಬ್ರವರಿಯಲ್ಲಿ ಕಮಿಟಿ ಬರುವ ಪತ್ರ ಬಂತು. ರಿಜಿಸ್ಟರಿನ ಹಾಳೆಗಳು ಹೆಚ್ಚುಕಡಿಮೆ ಖಾಲಿ. ಎಲ್ಲರಿಂದ ಸಹಿ ಹಾಕಿಸಿ ತುಂಬಿಸೋಣ ಎಂದು ಹೇಳಿದವನು ನಾನೇ.

"ಬೇಡ ಮುನಿರಾಜ್, ಸುಳ್ಳು," ಎಂದರು ಸೇತುಮಾಧವರು.

"ಮುಂದಿನ ವರ್ಸ ನಿಜ ಮಾಡ್ಕೊಳ್ಳಾನ. ನೀವು ಇದ್ರೆ ತಾನೇ ಮುಂದಿನ ವರ್ಸ?"

ಅವರು ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು.

ಸ್ಟಾಫ್ ರೂಮಿನಲ್ಲಿ ಮೊದಲು ಪೆನ್ನು ತೆಗೆದವರು ಪಳನಿಯಪ್ಪನ್. "ನಮ್ಮ ಸೇತುವುಕ್ಕು ಇದು ಕೂಡ ಪಣ್ಣಮಾಟ್ಟೋಮಾ?" ಎಂದು, ನಮ್ಮ ಸೇತುವಿಗೆ ಇಷ್ಟೂ ಮಾಡುವುದಿಲ್ಲವೇ ಎಂದು, ಹದಿನಾರು ಪಾಠಗಳಿಗೆ ಸಹಿ ಹಾಕಿದರು. ರಿಜಿಸ್ಟರಿನ ಕೊನೆಯ ಕಾಲಂ 'ಟೆಕ್ನಿಷಿಯನ್ ಸಹಾಯ ಬೇಕಾಯಿತೇ?' ಎಂದಿತ್ತು. ಅಲ್ಲಿ ಅವರು ಒಂದು ಗಳಿಗೆ ಪೆನ್ನು ನಿಲ್ಲಿಸಿ 'ನಿಲ್', ಅಂದರೆ ಇಲ್ಲ, ಎಂದು ಬರೆದರು. ಸ್ವಿಚ್ ಹಾಕಲು ಬರುವುದಿಲ್ಲವೆಂದು ಕಮಿಟಿಯ ಮುಂದೆ ಯಾವ ಪ್ರೊಫೆಸರ್ ಒಪ್ಪಿಕೊಳ್ಳುತ್ತಾರೆ? ಅವರ ಕೆಳಗೆ ಉಳಿದವರು ಎರಡೆರಡು ಗೀಟು ಎಳೆದು ಅದನ್ನೇ ಮುಂದುವರಿಸಿದರು. ನನ್ನ ಸಾಲು ಬಂದಾಗ, ಸೇತುಮಾಧವರು ನನ್ನ ಮಗ್ಗುಲಲ್ಲೇ ನಿಂತಿದ್ದ ದಿನಗಳ ಎದುರಿಗೂ ನಾನು ಎರಡು ಗೀಟು ಎಳೆದೆ. ಪುಟ ಒಂದೇ ಸಮ ಕಾಣಲಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ನನಗೊಬ್ಬನಿಗೇ ಸಹಾಯ ಬೇಕಾಯಿತು ಎಂದು ಕಾಣುವುದು ನನಗೆ ಬೇಕಿರಲಿಲ್ಲ.

ಕಮಿಟಿಯವರು ಮೂವರು. ರಿಜಿಸ್ಟರ್ ನೋಡಿ ತುಂಬ ಸಂತೋಷಪಟ್ಟರು. ಜಿಲ್ಲೆಯಲ್ಲೇ ಇಷ್ಟು ಬಳಕೆ ಕಂಡಿಲ್ಲವೆಂದರು. ಆಮೇಲೆ ಹಿರಿಯರು ಕೊನೆಯ ಕಾಲಮಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದು, ಸೇತುಮಾಧವರನ್ನು ತಮಿಳಿನಲ್ಲಿ ಕೇಳಿದರು: ಎಲ್ಲರೂ ತಾವೇ ನಡೆಸುತ್ತಾರಲ್ಲ, ಹಾಗಾದರೆ ನೀವು ಏನು ಮಾಡುತ್ತೀರಿ?

ಬಾಗಿಲಲ್ಲಿ ನಾವು ಹತ್ತು ಹನ್ನೆರಡು ಮಂದಿ ನಿಂತಿದ್ದೆವು. ಸೇತುಮಾಧವರು ನಮ್ಮ ಮುಖಗಳನ್ನು ನೋಡಿದರು. ನಿಜ ಹೇಳಿದರೆ ಮೂವತ್ತೊಂದು ಮಂದಿಯ ಸುಳ್ಳು ಹೊರಬೀಳುತ್ತಿತ್ತು. ಪಳನಿಯಪ್ಪನ್ ಟಿವಿಯ ಕಡೆ ತಿರುಗಿದ್ದರು. ನಾನು ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

"ಕ್ಲೀನ್ ಪಣ್ಣುವೇನ್ ಸಾರ್," ಎಂದರು ಸೇತುಮಾಧವರು. ಒರೆಸಿ ಇಡುತ್ತೇನೆ ಸಾರ್.

ಮೇ ತಿಂಗಳಲ್ಲಿ ಆದೇಶ ಬಂತು. ಅಧ್ಯಾಪಕರು ಪೂರ್ಣವಾಗಿ ಸ್ವಾವಲಂಬಿಗಳಾಗಿದ್ದಾರೆ. ಯಂತ್ರಗಳನ್ನು ಒರೆಸಲು ಅಟೆಂಡರ್ ಸಾಕು. ಟೆಕ್ನಿಷಿಯನ್ ಹುದ್ದೆಯನ್ನು ಮುಂದುವರಿಸುವ ಅಗತ್ಯವಿಲ್ಲ.

ನಡೆದದ್ದನ್ನೆಲ್ಲ ಬರೆದು ನಾನು ಪ್ರಿನ್ಸಿಪಾಲರ ಬಳಿಗೆ ಒಯ್ದೆ. ಅವರು ಎರಡು ಸಲ ಓದಿ ವಾಪಸು ಕೊಟ್ಟರು. "ವೇಂಡಾಂ ತಂಬಿ. ನೀನಿನ್ನೂ ಪ್ರೊಬೇಷನ್ನಿನಲ್ಲಿದ್ದೀಯ." ಬೇಡ ತಮ್ಮ, ಎಂದು. ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಗೆ ಬಂದೆ. ಕೆಲಸ ಹೋದೀತೆಂಬ ಭಯ ಸೇತುಮಾಧವರಿಗಿದ್ದಷ್ಟೇ ನನಗೂ ಇತ್ತು.

ಅವರ ಮನೆಗೆ ಹೋದೆ. ಸೇತುಮಾಧವರು ಹೊರಗೆ ಹೋಗಿದ್ದರು. ಅವರ ಹೆಂಡತಿ ಶಾಂತಾ ಕೂರಲು ಹೇಳಿ, ಕಾಫಿ ಕೊಟ್ಟು, ಎದುರಿಗೇ ನಿಂತರು.

"ಎಂ.ಎಸ್ಸಿ., ಪಿಎಚ್.ಡಿ. ಎಲ್ಲಾ ಓದಿರೋರು ನೀವು. 'ಆಮಾ, ಹೌದು, ಇವರು ಹೆಲ್ಪ್ ಮಾಡಿದ್ರು' ಅಂತ ಒಂದು ಲೈನ್ ಬರೆಯೋಕೆ ಒಬ್ಬರಿಗೂ ಬರಲಿಲ್ವಾ?"

"ತಪ್ಪಾಯ್ತಕ್ಕ."

"ಕಾಫಿ ಕುಡೀರಿ, ಆರಿ ಹೋಗತ್ತೆ."

ಆ ಜೂನ್‌ನಲ್ಲಿ ಕಪ್ಪು ಪರದೆಯ ಕೋಣೆಗೆ ಬೀಗ ಬಿತ್ತು. ಬೀಗದ ಕೈ ಆಫೀಸಿನಲ್ಲಿದೆ. ಬೇಕಾದವರು ಸಹಿ ಹಾಕಿ ತೆಗೆದುಕೊಳ್ಳಬಹುದು. ನಾನು ಎರಡು ಸಲ ತೆಗೆದುಕೊಂಡೆ, ಆಮೇಲೆ ಬಿಟ್ಟೆ. ಪಳನಿಯಪ್ಪನ್ ನಿವೃತ್ತರಾಗುವ ದಿನ ನನ್ನ ತೋಳು ಹಿಡಿದು, ನಾವು ಒಳ್ಳೆಯದಕ್ಕೇ ತಾನೇ ಮಾಡಿದ್ದು ಎಂದು ಕೇಳಿದರು.

ಮೂರು ವರ್ಷಗಳಿಂದ ಸೇತುಮಾಧವರು ಶಂಕಗಿರಿಯ ಒಂದು ಲಾರಿ ಶೆಡ್ಡಿನಲ್ಲಿ ದಿನಗೂಲಿಗೆ ಡೈನಮೊ ಮತ್ತು ಬ್ಯಾಟರಿ ರಿಪೇರಿ ಮಾಡುತ್ತಿದ್ದಾರೆ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಸೇಲಂನಿಂದ ಹೋಗುತ್ತಾರೆ.