ಕೆಂಪು ಕಾರಿನ ಸೀಟು ಹೊಲಿದವಳು

ನಮ್ಮ ಸೋದರತ್ತೆ ಕಾರಿನ ಸೀಟು ಹೊಲಿಯುವವಳು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಂದು ಭಾರೀ ಹೊಲಿಗೆ ಮಷಿನ್ನು, ಗೋಡೆಯುದ್ದಕ್ಕೂ ಸ್ಪಂಜಿನ ಹಾಳೆ, ರೆಕ್ಸಿನ್ ಸುರುಳಿ. ನಡುವೆ ಕಾಲಿಡಲು ಜಾಗ ಸಿಕ್ಕರೆ ಅದು ನಿಮ್ಮ ಪುಣ್ಯ. ಬಾಯಿ ಬಿಟ್ಟರೆ ಬೀದಿಯ ಸುದ್ದಿಯೆಲ್ಲ ಹರಿದುಬರುವ ಹೆಂಗಸು. ಒಂದು ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ: ಯಾರ ಮೈ ಅಳತೆಯನ್ನೂ ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಹಿಂದೆ ಬಟ್ಟೆ ಹೊಲಿಯುತ್ತಿದ್ದ ಕಾಲದಿಂದ ಬಂದ ಅಭ್ಯಾಸ.

"ನಂಬಿ ಟೇಪ್ ಸುತ್ತೋಕೆ ಬಿಟ್ಟಿರ್ತಾರೆ ಕಣೇ. ಅದನ್ನ ಹೇಳ್ಕೊಂಡು ತಿರುಗಿದ್ರೆ ನಾನೂ ಒಬ್ಬಳು ಮನುಷ್ಯಳಾ?" ಎನ್ನುತ್ತಿದ್ದಳು.

ಈ ಬೀಗದಿಂದಾಗಿಯೇ ಸಿನಿಮಾದ ಒಂದು ಕಾರಿನ ಬಗ್ಗೆ ಇಡೀ ದೇಶ ಇಪ್ಪತ್ತು ವರ್ಷ ತಪ್ಪು ತಿಳಿದುಕೊಂಡಿತ್ತು.

ಕೆಂಪು ಕಾರು, ಸೀಟು ಹೊಲಿದದ್ದು ಅತ್ತೆ. ಮೊದಲ ಚಿತ್ರದಲ್ಲಿ ನೆಲಕ್ಕೆ ತಾಗುವಷ್ಟು ತಗ್ಗು, ಎರಡೇ ಕಿರಿದಾದ ಬಾಗಿಲು. ಹೀರೋ ಆಗ ಕಡ್ಡಿ ಪೈಲ್ವಾನ್. ಕಿಟಕಿಯಿಂದಲೇ ಹಾರಿ ಒಳಗೆ ಕೂರುತ್ತಿದ್ದ. ಚಿತ್ರ ಗೆದ್ದಿತು. ಗೆದ್ದ ಮೇಲೆ ಊಟಕ್ಕೆ ಕರೆಯುವವರು ಹೆಚ್ಚಿದರು, ಪಾಪ, ಅವನಿಗೆ ಬೇಡ ಎನ್ನಲು ಬಾರದು. ಎರಡನೆಯ ಚಿತ್ರದ ಹೊತ್ತಿಗೆ ಅತ್ತೆ ಅವನನ್ನು ಕೂರಿಸಿ ಅಳೆದು, ತುಟಿ ಪಿಟಕ್ಕೆನ್ನದೆ, ಕಾರಿನ ಬಾಡಿ ಕಟ್ಟುವ ಮೇಸ್ತ್ರಿಗೆ ಚೀಟಿ ಕಳಿಸಿದಳು: ಬಾಗಿಲು ಒಂದು ಗೇಣು ಅಗಲವಾಗಬೇಕು. ಯಾಕೆಂದು ಬರೆಯಲಿಲ್ಲ. ಪತ್ರಿಕೆಯವರು ಅದನ್ನು ಹೊಸ ಗಾಂಭೀರ್ಯ ಎಂದು ಹೊಗಳಿದರು.

ಮೂರನೆಯದರಲ್ಲಿ ಕಾರಿನ ಚಾವಣಿಯೇ ಮಾಯ. ಸ್ವಾತಂತ್ರ್ಯದ ಸಂಕೇತವಂತೆ! ನಕ್ಷೆ ಬರೆಯುವ ವಿನ್ಯಾಸಕ ಮಹಾಶಯರು ಈ ಬಗ್ಗೆ ಗಂಟೆಗಟ್ಟಲೆ ಕೊರೆದಿದ್ದಾರೆ. ನಿಜವೆಂದರೆ ಹೀರೋ ಒಂದು ದಿನ ಒಳಗೆ ಸಿಕ್ಕಿಕೊಂಡಿದ್ದ, ಹೊರಗೆ ತೆಗೆಯಲು ಅತ್ತೆ ಮತ್ತು ಮೇಸ್ತ್ರಿ ತಗಡು ಕತ್ತರಿಸಬೇಕಾಯಿತು. ನಾಲ್ಕನೆಯದರಲ್ಲಿ ಚಾವಣಿ ವಾಪಸು ಬಂತು, ಬಾಗಿಲು ಮಾತ್ರ ರೆಕ್ಕೆಯ ಹಾಗೆ ಮೇಲಕ್ಕೆ ತೆರೆಯಿತು. ಮಕ್ಕಳು ಹುಚ್ಚೆದ್ದು ಹೋದರು. ಐದನೆಯದಕ್ಕೆ ದೊಡ್ಡ ಚಕ್ರ ಬಂದು ಕಾರು ಎತ್ತರಕ್ಕೆ ಎದ್ದು ನಿಂತಿತು. ಗುಡ್ಡ ಹತ್ತಲು ಎಂದರು. ಹೀರೋನ ಮಂಡಿ ಬಗ್ಗುತ್ತಿರಲಿಲ್ಲ, ಅಷ್ಟೇ. ಉದ್ದ ಕೋಟು, ಒಳಗೊಂದು ಬಿಗಿ ಪಟ್ಟಿ, ಹಾಗಾಗಿ ಪರದೆಯ ಮೇಲೆ ಅವನಿನ್ನೂ ಅದೇ ಕಡ್ಡಿ.

ನನಗೆ ಇದೆಲ್ಲ ಹೇಗೆ ಗೊತ್ತು ಅಂದಿರಾ? ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನು. ಬಾಯಿ ಬಿಡುವುದಿಲ್ಲವೆಂದು ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಕಳೆದ ವರ್ಷ ಐದೂ ಕಾರುಗಳ ಪ್ರದರ್ಶನ ನಡೆಯಿತು. ಪ್ರತಿ ಕಾರಿನ ಮುಂದೆಯೂ ಒಂದು ಫಲಕ, ಎಲ್ಲದರಲ್ಲೂ ವಿನ್ಯಾಸಕರದೇ ಹೆಸರು. ಮೊದಲ ಕಾರಿನ ಸೀಟನ್ನು ಅತ್ತೆಯೇ ಹೊಸದಾಗಿ ಹೊಲಿದುಕೊಟ್ಟಿದ್ದರಿಂದ, ನಾನು ಜಗಳವಾಡಿ ಅಲ್ಲಿ ಇನ್ನೊಂದು ಪುಟ್ಟ ಫಲಕದಲ್ಲಿ ಅವಳ ಹೆಸರು ಹಾಕಿಸಿದೆ. ಅತ್ತೆ ಧೂಳು ಒರೆಸುವ ನೆಪದಲ್ಲಿ ಆ ಅಕ್ಷರಗಳನ್ನು ಮೂರು ಸಲ ಸವರಿದಳು. ಅವಳಿಗೆ ಎಷ್ಟು ಆಸೆಯಿತ್ತೆಂದು ನನಗೆ ಆಗಲೇ ತಿಳಿದದ್ದು.

ಹೀರೋ ಬಂದ. ಫೋಟೋದವರು ಮುತ್ತಿಕೊಂಡರು.

"ಸಾರ್, ಮೊದಲ್ನೇ ಕಾರಲ್ಲಿ ಕೂತ್ಕೊಳ್ಳಿ! ಹಳೇ ಥರಾನೇ!"

ಜನ ಚಪ್ಪಾಳೆ ತಟ್ಟಿದರು. ಹೀರೋ ನಗುತ್ತಲೇ ಬಾಗಿಲ ಮೇಲೆ ಕೈಯಿಟ್ಟ. ಹಣೆಯಲ್ಲಿ ಬೆವರೊಡೆಯಿತು.

"ಕೂರಬೇಡಿ!" ಅತ್ತೆ ನುಗ್ಗಿ ಹೋದಳು. "ಸೀಟಿನ ಅಂಟು ಒಣಗಿಲ್ಲ, ಬಟ್ಟೆಗೆ ಹತ್ಕೊಳ್ಳುತ್ತೆ!"

ವಿನ್ಯಾಸಕರು ಕೆಂಡವಾದರು. "ಒಂದು ತಿಂಗಳು ಟೈಮ್ ಕೊಟ್ಟಿದ್ವಲ್ರೀ! ಇಂಥಾ ಕೆಲಸಕ್ಕೆ ಹೆಸರು ಬೇರೆ ಕೇಡು. ತೆಗೀರಿ ಆ ಬೋರ್ಡು!"

"ನನ್ನದೇ ತಪ್ಪು" ಎಂದಳು ಅತ್ತೆ.

ಕಾವಲುಗಾರ ಆ ಪುಟ್ಟ ಫಲಕದ ಸ್ಕ್ರೂ ಬಿಚ್ಚತೊಡಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ, ಅತ್ತೆ ನನ್ನ ತೋಳು ಚಿವುಟಿದಳು, ಅವಳ ಕಣ್ಣು ಮಾತ್ರ ಆ ಸ್ಕ್ರೂ ಮೇಲೇ ಇತ್ತು.

ಹೀರೋ ಅದನ್ನು ನೋಡಿದ. ಬಗ್ಗಿ, ಅಂಗೈಯನ್ನು ಸೀಟಿನ ಮೇಲೆ ಒತ್ತಿ, ಎತ್ತಿ ಎಲ್ಲರಿಗೂ ತೋರಿಸಿದ.

"ಅಂಟು ಒಣಗಿದೆ. ಅಕ್ಕ ಸುಳ್ಳು ಹೇಳ್ತಿದಾರೆ."

ಆಮೇಲೆ ಕೋಟಿನ ಗುಂಡಿ ಬಿಚ್ಚಿದ. ಒಳಗಿನ ಪಟ್ಟಿಯನ್ನೂ ಸಡಿಲಿಸಿದ. ಇಪ್ಪತ್ತು ವರ್ಷದ ಹೊಟ್ಟೆ ಸಮಾಧಾನದಿಂದ ಹೊರಗೆ ಬಂತು.

"ಈ ಬಾಗಿಲಲ್ಲಿ ನಾನು ಹಿಡಿಸಲ್ಲ. ಕಾರು ಬದಲಾಗ್ತಾ ಬಂದಿದ್ದೆಲ್ಲ ಇದಕ್ಕೋಸ್ಕರ. ಬಾಗಿಲು, ಚಾವಣಿ, ಚಕ್ರ, ಎಲ್ಲಾ ಅಕ್ಕನ ಚೀಟಿ ನೋಡಿ ಮಾಡಿದ್ದು. ಆ ಬೋರ್ಡು ಅಲ್ಲೇ ಇರಲಿ. ಉಳಿದ ನಾಲ್ಕಕ್ಕೂ ಅವರ ಹೆಸರು ಹಾಕಿ."

ಸಭಾಂಗಣ ನಗುವಿನಿಂದ, ಚಪ್ಪಾಳೆಯಿಂದ ತುಂಬಿಹೋಯಿತು. ವಿನ್ಯಾಸಕರಿಗೆ ಮೇಲಿನ ಫ್ಯಾನಿನಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು.

ಅತ್ತೆ ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಹೀರೋನ ಹತ್ತಿರ ಹೋಗಿ, "ಸಾರ್, ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ, ದೇವರಾಣೆ" ಎಂದು ಅತ್ತುಬಿಟ್ಟಳು.

"ಗೊತ್ತಕ್ಕಾ" ಎಂದ ಅವನು. "ಅದಕ್ಕೇ ನಾನೇ ಹೇಳ್ಬೇಕಾಯ್ತು."